ನಾವೆಲ್ಬುತಾ ಬೆಟ್ಟದ ಆಂಟಿ

ಆಂಟಿಯ ಎಡಹುಬ್ಬು ಬಲಹುಬ್ಬಿಗಿಂತ ಒಂದು ಬೆರಳು ಮೇಲಿತ್ತು. ಜಗತ್ತನ್ನು ತಿರಸ್ಕಾರದಿಂದ ನೋಡಿ ನೋಡಿ ಅದು ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಚಿಲಿ ದೇಶದ ನಾವೆಲ್ಬುತಾ ಬೆಟ್ಟಸಾಲಿನವರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಗಿಡಗಳ ನರ್ಸರಿ ನಡೆಸುತ್ತಿದ್ದರು. ಆ ಊರನ್ನು ಕೆಡವಿದ ದೊಡ್ಡ ಭೂಕಂಪವಾಗಿ ಎರಡು ಮೂರು ವರ್ಷ ಕಳೆದಿತ್ತು. ಓದಲು ಬಂದ ನಾನು ಅಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿ, ಮೊದಲ ವಾರವೇ ಕಳ್ಳಿಗಿಡಗಳಿಗೆ ಭಕ್ತಿಯಿಂದ ನೀರು ಹೊಯ್ದು ಕೊಂದಿದ್ದೆ.

ಗಿಡ ಸಾಗಿಸುವ ಯೂಟ್ ಗಾಡಿಯಲ್ಲಿ ಹೋಗುವಾಗ ಪೈನ್ ತೋಪು ಕಂಡರೆ ಆಂಟಿ ಕಿಟಕಿ ಇಳಿಸಿ ಉಗಿಯುತ್ತಿದ್ದರು. “ಇದು ಕಾಡಲ್ಲ, ನಿಂತಿರೋ ದಿಮ್ಮಿಗಳ ಗೋಡೌನು. ನಮ್ಮ ಬೆಟ್ಟಾನೂ ಬೋಳಿಸಿ ಇದನ್ನೇ ನೆಟ್ರು.” ಅಲ್ಲಿ ಉಳಿದ ಕಾಡಿನಲ್ಲಿ ಪೆವೆನ್ ಮರಗಳಿವೆಯಂತೆ. ಛತ್ರಿಯಂಥ ತಲೆ, ಮುಳ್ಳಿನಂಥ ಎಲೆ. ಅದರ ಬೀಜವೇ ಅವರ ಅಜ್ಜಿಯ ಕಡೆಯ, ಅಲ್ಲಿನ ಮೂಲನಿವಾಸಿ ಮಾಪುಚೆ ಜನರ ಚಳಿಗಾಲದ ಊಟ. ಆ ಮರವನ್ನು ಯಾರಾದರೂ ಇಂಗ್ಲಿಷ್ ಹೆಸರಿನಿಂದ ಮಂಕಿ ಪಜಲ್ ಅಂದರೆ ಹುಬ್ಬು ಇನ್ನೂ ಏರುತ್ತಿತ್ತು. “ನಮ್ಮ ಬೆಟ್ಟದಲ್ಲಿ ಕೋತೀನೇ ಇಲ್ಲ. ಹೆಸರಿಟ್ಟವನೇ ಕೋತಿ.”

ಊರಿನ ರಿಕ್ಕರ್ಟನ್ ಬಡಾವಣೆಯಲ್ಲಿ ಭೂಕಂಪಕ್ಕೆ ಬಿರುಕುಬಿಟ್ಟ ಮನೆಯೊಂದರ ಅಂಗಳದಲ್ಲಿ ಹಳೆಯ ಪೆವೆನ್ ಇತ್ತು. ಮನೆಯ ಜೊತೆ ಮರವನ್ನೂ ಸೋಮವಾರ ಕೆಡವುತ್ತಾರೆಂದು ಗೊತ್ತಾಯಿತು. ಕಾಯಿ ಬಲಿತಿತ್ತು, ಬೀಜ ಉದುರಿರಲಿಲ್ಲ. ಉದುರದಿದ್ದರೆ ಆ ಮರದ ವಂಶ ಅಲ್ಲಿಗೆ ಮುಗಿಯಿತು. ಭಾನುವಾರ ಆಂಟಿ ನನ್ನನ್ನೂ ನನ್ನ ಹುಬ್ಬಳ್ಳಿಯ ಫ್ಲಾಟ್‌ಮೇಟನ್ನೂ ಕರೆದೊಯ್ದರು. ಮರದಡಿ ಕಂಬಳಿ ಹಾಸಿ, ಅಜ್ಜಿಯ ಭಾಷೆಯಲ್ಲಿ ಮರದ ಅಪ್ಪಣೆ ಕೇಳುತ್ತ ನಿಂತರು.

ಮೈಸೂರಿನ ಬೀದಿಬೀದಿಯ ಮಾವಿನಕಾಯಿ ಇಳಿಸಿದ ಕೈ ನನ್ನದು, ಕೇಳುವುದೇನು ಬಂತು? ಕಲ್ಲೆತ್ತಿ ಬೀಸಿದೆ. ಅದು ಕೊಂಬೆಗೆ ಬಡಿದು ವಾಪಸು ಬಂದು ನನ್ನ ಹಣೆಗೇ ಕೂತಿತು. ಮತ್ತೆ ಭೂಕಂಪವಾಯಿತೆಂದುಕೊಂಡು ಕಂಬಳಿಯೊಳಗೆ ನುಗ್ಗಿದೆ.

“ಏಳಲೇ, ಭೂಮಿ ನಡುಗಿಲ್ಲ. ನಿನ್ ತಲಿ ಅಷ್ಟ ನಡುಗೇತಿ,” ಎಂದ ಫ್ಲಾಟ್‌ಮೇಟ್.

ಆಂಟಿ ನಗಲಿಲ್ಲ. “ನಿಮ್ಮಮ್ಮನ ಹತ್ರ ಊಟ ಕೇಳೋಕೂ ಕಲ್ಲು ಹೊಡೀತೀಯಾ? ಕೂತ್ಕೋ.”

ಕೂತೆವು. ಸಂಜೆ ವಾಯವ್ಯದ ಬಿಸಿಗಾಳಿ ಎದ್ದಿತು. ಕಾಯಿ ಒಡೆದು ಕಂದು ಬೀಜಗಳು ದಬದಬ ಸುರಿದವು. ನಾನು ಎರಡೂ ಕೈಯಲ್ಲಿ ಬಾಚತೊಡಗಿದೆ.

“ಅರ್ಧ ಬಿಡು, ಹಕ್ಕಿಗೆ.”

“ನಾಳೆ ಮರಾನೇ ಇರಲ್ಲ, ಆಂಟಿ!”

“ಹಕ್ಕಿಗೆ ನಾಳೇನೂ ಹಸಿವಾಗುತ್ತೆ, ಪೆದ್ದ.”

ಮೊಳೆತದ್ದು ಕೆಲವೇ. ಮರುವರ್ಷ ಆಂಟಿ ಕಾಯಿಲೆ ಬಿದ್ದರು; ಅದು ಹೆಚ್ಚಾದಾಗ ಸಸಿಗಳನ್ನು ಹಂಚಿದರು. ನನ್ನ ಕೈಗೂ ಒಂದು ಕುಂಡ ಕೊಟ್ಟು, “ನಿನ್ನ ಮೇಲೆ ನಂಬಿಕೆಯಿಂದಲ್ಲ. ನನ್ನ ಪರಿಚಯದವರೆಲ್ಲ ಮುದುಕರು, ನೀನಾದರೂ ಬದುಕಿರ್ತೀಯ,” ಎಂದರು. ಆ ಚಳಿಗಾಲದಲ್ಲೇ ತೀರಿಕೊಂಡರು.

ಕೆಲವು ವರ್ಷಗಳ ಮೇಲೆ ಇಲ್ಲೇ ಮನೆ ಕೊಳ್ಳುವಾಗ, ಎಲ್ಲರೂ ಅಡುಗೆಮನೆ ನೋಡಿದರೆ ನಾನು ಹಿತ್ತಿಲು ನೋಡಿದೆ. ಅಲ್ಲಿ ನೆಟ್ಟ ಸಸಿ ಈಗ ಮೊಳಕಾಲೆತ್ತರ. ಪೆವೆನ್‌ನಲ್ಲಿ ಗಂಡುಮರ ಬೇರೆ, ಬೀಜ ಬಿಡುವ ಹೆಣ್ಣುಮರ ಬೇರೆ; ಇದು ಗಂಡೋ ಹೆಣ್ಣೋ ತಿಳಿಯಲು ಇನ್ನೂ ಮೂವತ್ತು ವರ್ಷವಾದರೂ ಬೇಕಂತೆ. ಅಲ್ಲಿಯತನಕ ನಾನು ಈ ಊರು ಬಿಡುವ ಹಾಗಿಲ್ಲ.