ಮೇಸ್ತ್ರಿ ಮುಚ್ಚಿದ ಕಿಂಡಿ

ಗಾರೆ ಕೆಲಸದಲ್ಲಿ ಮೇಸ್ತ್ರಿಯನ್ನು ಮೀರಿಸುವವರು ಆ ಸುತ್ತಿನಲ್ಲೇ ಇರಲಿಲ್ಲ. ಅವನು ಕಟ್ಟಿದ ಗೋಡೆಯೊಳಗೆ ನುಸುಳಬೇಕಾದರೆ ಇರುವೆಯೂ ಅಪ್ಪಣೆ ಕೇಳಬೇಕು ಎಂದು ಜೊತೆಯವರು ಚುಡಾಯಿಸುತ್ತಿದ್ದರು. ಮೀಸೆಯಡಿಯಲ್ಲೇ ನಗುತ್ತಿದ್ದ ಮಹಾರಾಯ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಆ ನಗುವೂ ಹೋಯಿತು.

ಊರಾಚೆಯ ದಿಬ್ಬದ ಮೇಲೆ ಕಲ್ಲುಗಳನ್ನು ದುಂಡಗೆ ನಿಲ್ಲಿಸಿದ ಗೋರಿಗಳಿದ್ದವು, ಓದು ಬರಹ ಹುಟ್ಟುವುದಕ್ಕೂ ಮೊದಲಿನವು. ಅವನ್ನು ಅಗೆಸುತ್ತಿದ್ದ ಪುರಾತತ್ವ ಇಲಾಖೆಯ ಮೇಡಂ, ವಾಲಿದ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಲು ಮೇಸ್ತ್ರಿಯನ್ನು ಕರೆಸಿದರು. ಒಂದು ವೃತ್ತದ ನಡುವೆ ನಾಲ್ಕು ಚಪ್ಪಡಿ ಸೇರಿಸಿ ಮಾಡಿದ ಕಲ್ಲಿನ ಪೆಟ್ಟಿಗೆ. ಒಂದು ಚಪ್ಪಡಿಯಲ್ಲಿ ದುಂಡನೆಯ ತೂತು. ಅಯ್ಯೋ ಪಾಪ, ಒಡೆದುಹೋಗಿದೆ ಎಂದುಕೊಂಡ ಮೇಸ್ತ್ರಿ, ಯಾರೂ ಹೇಳದೆಯೇ ಸಿಮೆಂಟು ಕಲಸಿ ನುಣ್ಣಗೆ ಮುಚ್ಚಿಬಿಟ್ಟ.

ಮೇಡಂ ಬಂದು ನೋಡಿ ತಲೆ ಮೇಲೆ ಕೈ ಹೊತ್ತರು.

“ಏನ್ ಮಾಡ್ಬಿಟ್ರಿ ಮೇಸ್ತ್ರಿ! ಅದು ಒಡೆದಿದ್ದಲ್ಲ, ಬೇಕಂತಲೇ ಕೊರೆದಿದ್ದು.”

“ಹೆಣ ಇಟ್ಟು ಮುಚ್ಚೋ ಜಾಗಕ್ಕೆ ಕಿಂಡಿ ಯಾಕಮ್ಮ?”

“ಖಚಿತವಾಗಿ ಯಾರಿಗ್ಗೊತ್ತು? ಸತ್ತೋರು ಹೋಗಿ ಬಂದು ಮಾಡ್ಲಿ ಅಂತ ಬಿಟ್ಟಿರ್ಬೇಕು ಅಂತಾರೆ.”

ಸಿಮೆಂಟು ಇನ್ನೂ ಹಸಿಯಾಗಿತ್ತು, ಕೆರೆದು ತೆಗೆದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮಾತು ಎದೆಯಲ್ಲಿ ಮುಳ್ಳಾಗಿ ನಾಟಿತು. ಹೆಂಡತಿಗೆ ಉಬ್ಬಸವಿತ್ತು. ಕೊನೆಯ ದಿನಗಳಲ್ಲಿ “ಕಿಟಕಿ ತೆಗೀರಿ, ಉಸಿರು ಕಟ್ಟುತ್ತೆ” ಎಂದು ಗೋಗರೆದಿದ್ದಳು. ಥಂಡಿ ತಾಗೀತೆಂದು ಇವನು ತೆಗೆಯಲೇ ಇಲ್ಲ. ಆಮೇಲೆ ಅವಳ ಗೋರಿಯನ್ನೂ ತಾನೇ ಕಟ್ಟಿದ. ಕೂದಲೆಳೆಯಷ್ಟೂ ಸಂದು ಬಿಡದೆ ಕಟ್ಟಿದ!

ಊಟ ಸೇರಲಿಲ್ಲ, ಯಾರ ಜೊತೆಯೂ ಮಾತು ಬೇಡವಾಯಿತು. ಭಾನುವಾರ ಬೆಳಗ್ಗೆ ಉಳಿ, ಸುತ್ತಿಗೆ ಹಿಡಿದು ಹೆಂಡತಿಯ ಗೋರಿಯ ಮುಂದೆ ಕೂತ. ಹಾಳಾದ್ದು, ತನ್ನದೇ ಕೈಕೆಲಸ, ಅಷ್ಟು ಸುಲಭಕ್ಕೆ ಜಗ್ಗುತ್ತದೆಯೇ? ಹುಡುಕಿಕೊಂಡು ಬಂದ ಮಗಳು ಅವನ ಕೈಯಿಂದ ಉಳಿ ಕಿತ್ತುಕೊಂಡಳು.

“ಅಪ್ಪಾ, ತಲೆ ಕೆಟ್ಟಿದೆಯಾ? ಅಮ್ಮನ ಗೋರಿ ಒಡೀತಿದ್ದೀಯಲ್ಲ!”

ಅವನು ತಡವರಿಸುತ್ತ ದಿಬ್ಬದ ಮೇಲಿನ ಕಿಂಡಿಯ ಸಂಗತಿ ಹೇಳಿದ.

“ಅದನ್ನೆಲ್ಲ ನಂಬ್ತೀಯಾ ನೀನು?”

“ನಂಬಲ್ಲ ಕಣೇ. ಸತ್ತೋರು ಎಲ್ಲಿಂದ ಬರ್ತಾರೆ?” ಅವನು ಗೋರಿಯ ಮೇಲೆ ಬಿದ್ದ ಸಿಮೆಂಟಿನ ಪುಡಿ ಒರೆಸಿದ. “ಆದ್ರೆ ಅವಳು ಅಷ್ಟು ಕೇಳ್ಕೊಂಡ್ಳಲ್ಲ. ನಾನು ತೆಗೀಲಿಲ್ವಲ್ಲ.”

ಮಗಳು ಅವನ ಪಕ್ಕದಲ್ಲೇ ಕೂತಳು. ಅಷ್ಟು ಹೊತ್ತಿಗೆ ಬೆರಳು ತೂರುವಷ್ಟು ತೂತಾಗಿತ್ತು. ಅವಳು ಬೆರಳಿಟ್ಟು ನೋಡಿದಳು. ಉಳಿಯನ್ನು ಮತ್ತೆ ಅಪ್ಪನ ಕೈಗೆ ಕೊಟ್ಟಳು.

“ಇಷ್ಟು ಸಾಲಲ್ಲ ಅಪ್ಪ,” ಎಂದಳು. “ಇನ್ನೂ ದೊಡ್ಡದು ಮಾಡು.”