ಎಂಟೂ ಗಿಡ ಹೆಣ್ಣು

ಮಕ್ಕಳ ಪರೀಕ್ಷೆ ಮುಗಿದ ದಿನ ಸಂಜೆಯೇ ಹಾವೇರಿಯಿಂದ ನಮ್ಮಕ್ಕನ ಫೋನು ಬಂತು. ತನ್ನ ಮಕ್ಕಳಿಗೆ ಬೆಳಿಗ್ಗೆ ಈಜು, ಆಮೇಲೆ ಚೆಸ್ಸು, ಮಧ್ಯಾಹ್ನ ಕೀಬೋರ್ಡು, ಸಂಜೆ ಸ್ಕೇಟಿಂಗು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, "ನಿಮ್ಮವು ಏನ್ ಮಾಡಾಕತ್ತಾವ?" ಎಂದು ಕೇಳಿದಳು. ನಮ್ಮವು ಆ ಹೊತ್ತಿಗೆ ಸೋಫಾದ ಮೇಲೆ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು ಒಂದೇ ಮೊಬೈಲಿಗೆ ಕಿತ್ತಾಡುತ್ತಿದ್ದವು. "ಯೋಗ ಮಾಡಾಕತ್ತಾವ," ಎಂದೆ.

ಮರುದಿನವೇ ಇಬ್ಬರನ್ನೂ ರಾಣೇಬೆನ್ನೂರಿನ ನಮ್ಮ ಮನೆಗೆ ಹತ್ತಿರದ ಒಂದು ಬೇಸಿಗೆ ಶಿಬಿರಕ್ಕೆ ಹಾಕಿದೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಶಿಬಿರ ನಡೆಯುತ್ತಿದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಮುಹೂರ್ತ ಇದ್ದ ದಿನ ಕೆಳಗೆ ಮದುವೆ, ಮೇಲೆ ಶಿಬಿರ. ಮಗ ಕರಾಟೆ ಎಷ್ಟು ಕಲಿತನೋ ದೇವರಿಗೇ ಗೊತ್ತು, ಯಾರದೋ ಮದುವೆಯ ಬುಂದಿ ತಿಂದು ಅಂಗಿಗೆಲ್ಲ ಎಣ್ಣೆ ಮಾಡಿಕೊಂಡು ಬರುತ್ತಿದ್ದ. ಕೇಳಿದರೆ, "ಸರ್ ಹೋಗ್ರಿ ಅಂದ್ರು," ಅನ್ನುತ್ತಿದ್ದ. ಸರ್ ಕೂಡ ಅವನ ಪಕ್ಕದಲ್ಲೇ ಪಂಕ್ತಿಗೆ ಕೂತಿದ್ದರಂತೆ.

ಮಕ್ಕಳಿಬ್ಬರನ್ನೂ ಹೀಗೆ ದಡ ಹತ್ತಿಸಿದ ಮೇಲೆ ಮನೆಯಲ್ಲಿ ಇನ್ನೊಬ್ಬರು ಖಾಲಿ ಉಳಿದರು. ನಮ್ಮ ಅತ್ತೆ.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮವರು ಈಗ ಬೀಜದ ಅಂಗಡಿ ಇಟ್ಟುಕೊಂಡು ಗಲ್ಲೆಯ ಹಿಂದೆ ಕೂತಿದ್ದಾರೆಂದರೆ, ಅವರ ತಾಯಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಸುತ್ತಲಿನ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದರಿಂದ. ನಮ್ಮ ಕಡೆ ಹೆಂಗಸರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಬೆಂಡೆಯ ಹೂವನ್ನು ಹಾಗೇ ಬಿಟ್ಟರೆ ತನಗೆ ತಾನೇ ಕಾಯಿ ಕಟ್ಟುತ್ತದೆ. ಹೈಬ್ರಿಡ್ ಬೀಜ ಬೇಕಾದರೆ ಹಾಗೆ ಬಿಡುವಂತಿಲ್ಲ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಹೆಬ್ಬೆರಳಿನ ಉಗುರಿನಿಂದ ಸುಲಿದು, ಒಳಗಿನ ಗಂಡು ಭಾಗವನ್ನೆಲ್ಲ ತೆಗೆದು, ಬರೀ ಹೆಣ್ಣು ಭಾಗ ಉಳಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಕಡೆ ಬೆಳೆಸಿದ ಗಂಡು ಗಿಡದ ಹೂವು ತಂದು ಅದಕ್ಕೆ ಸವರಿ, ಗುರುತಿಗೆ ದಾರ ಕಟ್ಟಬೇಕು. ಅತ್ತೆಯ ಕೈ ಬಲು ಚುರುಕು. ಅವರು ಸುಲಿದ ಮೊಗ್ಗು ಹಾಳಾಗುವುದಿಲ್ಲವೆಂದು ಹೊಲದವರು ಹೆಸರು ಹಿಡಿದು ಕರೆಸುತ್ತಿದ್ದರು.

ಎರಡು ವರ್ಷದ ಹಿಂದೆ ಆ ಕೆಲಸ ಬಿಡಿಸಿದವಳು ನಾನು. ಬ್ಯಾಡಗಿಯ ನಮ್ಮ ತವರಿನಲ್ಲಿ ಏನೋ ಕಾರ್ಯ. ನಮ್ಮಪ್ಪನದು ಮೆಣಸಿನಕಾಯಿ ವ್ಯಾಪಾರ, ಮನೆಯಲ್ಲಿ ಮಾತಿಗೆ ಮುಂಚೆ ಸೀನು ಬರುತ್ತದೆ. ಆ ಸೀನಿನ ನಡುವೆಯೇ ನಮ್ಮಕ್ಕ ಎಲ್ಲರ ಎದುರಿಗೆ, "ನಿಮ್ಮ ಅತ್ತಿ ಇನ್ನೂ ಕೂಲಿಗೆ ಹೋಗ್ತಾರೇನ?" ಎಂದು ಕೇಳಿಬಿಟ್ಟಳು. ನನ್ನ ಮುಖ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತು. ಮನೆಗೆ ಬಂದವಳೇ ಅತ್ತೆಗೆ, "ಇನ್ನ ಮ್ಯಾಲೆ ಹೋಗಬ್ಯಾಡ್ರಿ. ಅಂಗಡಿ ಇಟ್ಟವರ ತಾಯಿ ಕೂಲಿಗೆ ಹೋದ್ರ ಮಂದಿ ಏನಂತಾರ?" ಎಂದೆ. ಈಗ ಯೋಚಿಸಿದರೆ ನಗು ಬರುತ್ತದೆ. ನನ್ನ ಬದುಕಿನಲ್ಲಿ ಮಂದಿ ಅಂದರೆ ಹಾವೇರಿಯ ನಮ್ಮಕ್ಕ ಒಬ್ಬಳೇ.

ಅತ್ತೆ ಜಗಳವಾಡಲಿಲ್ಲ. ಆದರೆ ಪ್ರತಿ ಹಂಗಾಮಿಗೂ, ಹೆಣ್ಣಾಳುಗಳ ಗುಂಪು ಕಟ್ಟುವಾಕೆ ಟಂಟಂ ಆಟೋ ತುಂಬಿಸಿಕೊಂಡು ನಮ್ಮ ಓಣಿಯಲ್ಲಿ ಹಾದುಹೋಗುವಾಗ, ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದರು: "ಈ ಸಲ ಹೋಗಿ ಬರ್ಲೇನವಾ? ನಾಕ ದಿನ?" ನಾನು ಬೇಡ ಅನ್ನುತ್ತಿದ್ದೆ. ಅವರು ಮತ್ತೆ ಒಳಗೆ ಬಂದು ಅಕ್ಕಿ ಆರಿಸಲು ಕೂಡುತ್ತಿದ್ದರು. ನಮ್ಮ ಮನೆಯ ಅಕ್ಕಿಯಲ್ಲಿ ಆ ಎರಡು ವರ್ಷ ಒಂದು ಕಲ್ಲೂ ಇರಲಿಲ್ಲ.

ಶಿಬಿರದ ಮೊದಲನೇ ವಾರವೇ ಮಗಳು ಒಂದು ಕಾಗದ ತಂದಳು. ಪ್ರತಿ ಮಗುವೂ ಮನೆಯಲ್ಲಿ ಒಂದು ತರಕಾರಿ ಬೆಳೆದು ಮೇ ಕೊನೆಗೆ ನಡೆಯುವ ಪ್ರದರ್ಶನಕ್ಕೆ ತರಬೇಕು, ಹೇಗೆ ಬೆಳೆದೆನೆಂದು ಮೈಕಿನಲ್ಲಿ ಹೇಳಬೇಕು. ನನಗೆ ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿದಂತಾಯಿತು. ಮಗಳಿಗೂ ಆಯಿತು, ಅತ್ತೆಗೂ ಟೈಂಪಾಸ್ ಆಯಿತು! "ಅತ್ತೀ, ಹಿತ್ತಲದಾಗ ತೋಟ ಮಾಡೂಣ್ರಿ, ನೀವ ಯಜಮಾನ್ತಿ," ಎಂದು ದೊಡ್ಡ ಮನಸ್ಸಿನಿಂದ ಹೇಳಿದೆ. ಅತ್ತೆ, "ಆತು ಬಿಡವಾ," ಎಂದರು.

ಹಿತ್ತಲೆಂದರೆ ಮನೆ ಕಟ್ಟಿದಾಗ ಉಳಿದ ಮರಳು, ಒಡೆದ ಇಟ್ಟಿಗೆ, ಒಂದು ಹಳೆಯ ಸಿಂಕು. ನಮ್ಮವರು ಐರಣಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದರು. ಟ್ರ್ಯಾಕ್ಟರು ಹಿತ್ತಲಿಗೆ ಹೋಗುವಂತಿರಲಿಲ್ಲ, ಮುಂಬಾಗಿಲಿಗೆ ಸುರಿದು ಹೋಯಿತು. ಎರಡು ದಿನ ನಾವು ನಮ್ಮ ಮನೆಗೇ ಗುಡ್ಡ ಹತ್ತಿ ಇಳಿದು ಹೋಗಬೇಕಾಯಿತು. ಮಗ ಅಲ್ಲೇ ಕರಾಟೆ ಅಭ್ಯಾಸ ಮಾಡಿದ. ಬೀಜ ಮಾರುವವರ ಮನೆಯಲ್ಲಿ ಬೀಜಕ್ಕೇನು ಬರ? ನಮ್ಮವರು ಹತ್ತು ನಮೂನೆ ಪಾಕೀಟು ತಂದು ಹರಡಿದರು. ಯಾವುದನ್ನು ಎಷ್ಟು ಆಳಕ್ಕೆ ಹಾಕಬೇಕೆಂದು ಕೇಳಿದರೆ ಪಾಕೀಟು ತಿರುಗಿಸಿ ಓದಿ ಹೇಳಿದರು. ಹಾಕಿದ್ದರಲ್ಲಿ ಟೊಮೆಟೊ ಬಾಡಿತು, ಬ್ಯಾಡಗಿಯಿಂದ ಅಪ್ಪ ಕಳಿಸಿದ ಮೆಣಸಿನ ಬೀಜವನ್ನು ಇರುವೆ ಹೊತ್ತುಕೊಂಡು ಹೋದವು, ಸೌತೆ ಬಳ್ಳಿಯನ್ನು ಮಗ ತುಳಿದ. ಉಳಿದದ್ದು ಎಂಟು ಬೆಂಡೆ ಗಿಡ. ಅವು ಮಾತ್ರ ಮಗಳ ಸೊಂಟದ ಮಟ್ಟಕ್ಕೆ ಬೆಳೆದು ಮೇ ತಿಂಗಳ ನಡುವೆ ಮೊಗ್ಗು ಬಿಟ್ಟವು.

ಮಗಳು ದಿನಾ ಸಂಜೆ ಮೊಗ್ಗು ಎಣಿಸುತ್ತಿದ್ದಳು. ಬೆಳಿಗ್ಗೆ ಎದ್ದು ಓಡಿದರೆ ಒಂದೂ ಹೂವಿಲ್ಲ. ಮೊಗ್ಗಿದ್ದ ಜಾಗದಲ್ಲಿ ಒಂದು ಸಣ್ಣ ಕಡ್ಡಿಯಂಥದ್ದು ನಿಂತಿರುತ್ತಿತ್ತು, ಎರಡು ದಿನಕ್ಕೆ ಅದೂ ಉದುರುತ್ತಿತ್ತು. ಹೀಗೇ ಒಂದು ವಾರ. ಮೊದಲು ಅಳಿಲಿನ ಮೇಲೆ ಅನುಮಾನ ಬಂತು. ಮಗ ಕೋಲು ಹಿಡಿದು ಅಳಿಲು ಕಾಯ್ದ, ಒಂದು ಅಳಿಲೂ ಬರಲಿಲ್ಲ. ಆಮೇಲೆ ನಮ್ಮವರು, "ಇದು ಹುಳದ ಕೆಲಸ," ಎಂದು ಅಂಗಡಿಯ ಗತ್ತಿನಲ್ಲಿ ಹೇಳಿ ಬೇವಿನ ಎಣ್ಣೆ ಹೊಡೆಸಿದರು. ಅದೂ ಆಗದಿದ್ದಾಗ ತಪ್ಪನ್ನು ಬಿಸಿಲಿನ ಮೇಲೆ ಹಾಕಿದರು. ಗಿರಾಕಿಗಳಿಗೂ ಇದೇ ಕ್ರಮದಲ್ಲಿ ಹೇಳುತ್ತಾರೆಂದು ನನಗೆ ಆವತ್ತು ತಿಳಿಯಿತು. ಮಗಳು ಮಾತ್ರ, "ಎಲ್ಲಾರೂ ಕಾಯಿ ತರ್ತಾರ, ನಾ ಏನ್ ತರ್ಲಿ, ಎಲಿ?" ಎಂದು ಅಳಲು ಶುರು ಮಾಡಿದಳು.

ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಅತ್ತೆ ಬೆಂಡೆ ಗಿಡದ ಮುಂದೆ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ಮೊಗ್ಗು, ಬಲಗೈಯ ಹೆಬ್ಬೆರಳು ಅದರ ಬುಡಕ್ಕೆ. ಉಗುರು ಒಂದು ಸುತ್ತು ಹೋಯಿತು, ಸಿಪ್ಪೆ ಟೋಪಿಯ ಹಾಗೆ ಕಳಚಿ ಬಂತು. ಅದು ಸೆರಗಿನ ಮಡಿಲಿಗೆ. ಕೈ ಆಗಲೇ ಮುಂದಿನ ಮೊಗ್ಗಿನ ಮೇಲೆ. ತಲೆ ಎತ್ತಿಯೂ ನೋಡುತ್ತಿರಲಿಲ್ಲ, ಒಳಗೊಳಗೇ ಏನೋ ಗುನುಗುತ್ತಿದ್ದರು. ಎರಡು ವರ್ಷದಲ್ಲಿ ಅವರು ಗುನುಗಿದ್ದನ್ನು ನಾನು ಕೇಳಿರಲಿಲ್ಲ.

"ಅಯ್ಯ ಶಿವನ! ಅತ್ತೀ, ಏನ್ ಮಾಡಾಕತ್ತೀರಿ?"

ಅವರು ಬೆಚ್ಚಿಬಿದ್ದರು. ಮಡಿಲು ನೋಡಿದರು, ಗಿಡ ನೋಡಿದರು, ನನ್ನ ಮುಖ ನೋಡಿದರು. "ಸಂಜೀಕ ಮೊಗ್ಗಿ ಕಂಡ್ರ ಕೈ ನಿಲ್ಲಂಗಿಲ್ಲವಾ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಎಂಟೂ ಗಿಡ ಹೆಣ್ಣು ಮಾಡಿಟ್ಟೇನಿ. ಒಂದಾದ್ರೂ ಗಂಡು ಬಿಡಬೇಕಿತ್ತು. ಬೆಳಿಗ್ಗಿ ಹಚ್ಚಾಕ ಹೂವ ಇಲ್ಲ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮಗು ಒಂದು ವಾರದಿಂದ ಅಳುತ್ತಿದೆ, ಇವರು ಸುಮ್ಮನೆ ನೋಡುತ್ತ ಕೂತಿದ್ದಾರೆ! ಬಾಯಿಗೆ ಬಂದದ್ದೆಲ್ಲ ಅಂದೆ. ಗದ್ದಲಕ್ಕೆ ಮಗಳು ಓಡಿ ಬಂದಳು. ಅಜ್ಜಿಯೇ ಕಳ್ಳಿ ಎಂದು ತಿಳಿದು ಅವಳು ಇನ್ನೊಂದು ಸುತ್ತು ಅಳುತ್ತಾಳೆ ಎಂದುಕೊಂಡೆ. ಅವಳು ಅಜ್ಜಿಯ ಮಡಿಲಿನಿಂದ ಒಂದು ಸಿಪ್ಪೆ ಎತ್ತಿಕೊಂಡು ತಿರುಗಿಸಿ ನೋಡಿ, "ಅಜ್ಜಿ, ಇದನ್ನ ಹೆಂಗ ಮಾಡಿದಿ? ನನಗೂ ಕಲಿಸು," ಎಂದಳು.

ಅಲ್ಲಿಗೆ ನನ್ನ ಯಜಮಾನಿಕೆ ಮುಗಿಯಿತು. ನಾಲ್ಕು ಗಿಡ ಗಂಡು, ನಾಲ್ಕು ಗಿಡ ಹೆಣ್ಣು ಎಂದು ಅಜ್ಜಿ ಮೊಮ್ಮಗಳು ಭಾಗ ಮಾಡಿಕೊಂಡರು. ಸಂಜೆ ಸುಲಿಯುವುದು, ಬೆಳಿಗ್ಗೆ ಹಚ್ಚುವುದು. ನನ್ನ ಹೊಲಿಗೆ ಡಬ್ಬಿಯಿಂದ ಕೆಂಪು ದಾರದ ಉಂಡೆ ಮಾಯವಾಯಿತು. ಮಗಳ ಕೈಯಲ್ಲಿ ಮೊದಲ ಹತ್ತು ಮೊಗ್ಗು ನಜ್ಜುಗುಜ್ಜಾದವು. ಅತ್ತೆ ಬೈಯಲಿಲ್ಲ, "ಹಿಂಡಬ್ಯಾಡ, ಬಿಡಸು," ಎಂದಷ್ಟೇ ಹೇಳುತ್ತಿದ್ದರು. ಶಿಬಿರದಲ್ಲಿ ಅಬ್ಯಾಕಸ್ ಕಲಿಸುವ ಟೀಚರು ಮಗಳ ಬೆರಳು ಚುರುಕಾಗಿವೆ ಎಂದು ಹೊಗಳಿ ಕಳಿಸಿದರು. ತಮ್ಮ ಕಲಿಸುವಿಕೆಯಿಂದ ಎಂದು ಅವರ ನಂಬಿಕೆ. ನಾನೂ ಅದನ್ನೇ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

ಪ್ರದರ್ಶನದ ದಿನ ತಟ್ಟೆಯಲ್ಲಿ ಏಳು ಬೆಂಡೆಕಾಯಿ, ಪ್ರತಿಯೊಂದರ ತೊಟ್ಟಿಗೂ ಕೆಂಪು ದಾರ. ಅತ್ತೆ ಇಳಕಲ್ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಬೇರೆ ಮಕ್ಕಳು ತಂದ ಬದನೆ, ಟೊಮೆಟೊ ಬಹಳ ಚೆನ್ನಾಗಿದ್ದವು. ಒಂದು ಕುಂಡದ ಟೊಮೆಟೊಕ್ಕೆ ಅಂಗಡಿಯ ಬೆಲೆಯ ಸ್ಟಿಕರ್ ಕೂಡ ಇನ್ನೂ ಅಂಟಿಕೊಂಡಿತ್ತು. ಬಹುಮಾನ ಅದಕ್ಕೇ ಬಂತು, ಅದು ಬೇರೆ ಮಾತು.

ಮಗಳ ಸರದಿ ಬಂದಾಗ ಶಿಬಿರದ ಸರ್ ಮೈಕು ಹಿಡಿದು, "ಈ ದಾರ ಯಾಕ ಪುಟ್ಟಾ?" ಎಂದು ಕೇಳಿದರು. ಅವಳು ತಡವರಿಸದೆ ಎಲ್ಲ ಹೇಳಿದಳು. ಗಂಡು ಹೂವು, ಹೆಣ್ಣು ಹೂವು, ಉಗುರು, ಸಿಪ್ಪೆ. "ಯಾರು ಕಲಿಸಿದ್ರು?" ಎಂದರು ಸರ್.

"ನಮ್ಮ ಅಜ್ಜಿ. ನಮ್ಮ ಅಜ್ಜಿ ಕ್ರಾಸಿಂಗ್‌ಗೆ ಹೋಗ್ತಿದ್ಲು. ಈಗ ಹೋಗಂಗಿಲ್ಲ. ಮಂದಿ ಏನಂತಾರ ಅಂತ ಮಮ್ಮಿ ಬಿಡಿಸ್ಯಾಳ."

ಸ್ಪೀಕರು ಚೆನ್ನಾಗಿತ್ತು. ಕೊನೆಯ ಸಾಲಿನ ತನಕ ಕೇಳಿಸಿತು. ಜನ ತಿರುಗಿ ತಿರುಗಿ ನನ್ನನ್ನು ಹುಡುಕಿದರು. ನಾನು ಕೈಚೀಲದಲ್ಲಿ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಆಗ ಮುಂದಿನ ಸಾಲಿನಲ್ಲಿ ಅತ್ತೆ ಎದ್ದು ನಿಂತರು. ಮೈಕಿಲ್ಲದೆಯೇ ಹೊಲದ ಆ ತುದಿಗೆ ಕೇಳುವ ದನಿ ಅವರದು. "ಹುಡುಗಿಗೆ ತಿಳಿಯಂಗಿಲ್ರಿ. ನಮ್ಮ ಸೊಸಿ ಏನೂ ಅಂದಿಲ್ಲ. ನನ್ನ ಕಣ್ಣ ಮಂಜ ಆಗ್ಯಾವ, ಮೊಗ್ಗಿ ಕಾಣಂಗಿಲ್ಲ. ಅದಕ್ಕ ನಾನ ಬಿಟ್ಟೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮಾನ ಉಳಿಯಿತು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಶಾಲೆ ಶುರುವಾಯಿತು, ಮಳೆಯೂ ಬಂತು. ಶ್ರಾವಣದ ಹೊತ್ತಿಗೆ ಹೊಲಗಳಲ್ಲಿ ಕ್ರಾಸಿಂಗ್ ಶುರುವಾಗಿ ಟಂಟಂ ಮತ್ತೆ ಓಣಿಯಲ್ಲಿ ಹಾಯತೊಡಗಿತು. ಅತ್ತೆ ಬಾಗಿಲಿಗೆ ಬರಲಿಲ್ಲ, ಕೇಳಲೂ ಇಲ್ಲ. ಎರಡು ದಿನ ಕಾದು ನಾನೇ ಬಾಯಿ ಬಿಟ್ಟೆ. "ಅತ್ತೀ, ಈ ಸಲ ಹೋಗ್ರಿ."

"ಯಾರು ಕರೀತಾರವಾ ಇನ್ನ?" ಎಂದರು, ಅಕ್ಕಿಯ ಮೊರದಿಂದ ತಲೆ ಎತ್ತದೆ.

ಮರುದಿನ ಬೆಳಿಗ್ಗೆ ನಾನೇ ಓಣಿಗೆ ಇಳಿದು ಟಂಟಂ ನಿಲ್ಲಿಸಿದೆ. ಒಳಗೆ ಹತ್ತು ಹನ್ನೆರಡು ಹೆಂಗಸರು, ಮುಂದೆ ಡ್ರೈವರನ ಪಕ್ಕ ಗುಂಪು ಕಟ್ಟುವಾಕೆ. "ನಮ್ಮ ಅತ್ತಿಯವರನ್ನ ಕರಕೊಂಡ ಹೋಗ್ರಿ," ಎಂದೆ.

"ಅಯ್ಯ, ಅವರಿಗೆ ಕಣ್ಣ ಕಾಣಂಗಿಲ್ಲಂತಲ್ಲರೀ?" ಎಂದಳು ಆಕೆ. "ನಮ್ಮ ಸೊಸಿ ಅವತ್ತ ಶಿಬಿರದಾಗ ಇದ್ಲು. ಅವರ ಬಾಯಿಲೇ ಕೇಳ್ಯಾಳ. ಮೊಗ್ಗಿ ಕೆಟ್ರ ಹೊಲದವರಿಗೆ ನಾ ಏನ್ ಹೇಳ್ಲಿ?"

ಡ್ರೈವರು ಗೇರು ಹಾಕಿದ. ನಾನು ಗಾಡಿಯ ಸರಳು ಹಿಡಿದುಕೊಂಡೆ. ಎದುರು ಮನೆಯವರು ಅಂಗಳಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಅವರ ಕಣ್ಣ ಚಲೋ ಅದಾವ್ರಿ," ಎಂದೆ. ಎರಡನೇ ಮಾತು ಇನ್ನೂ ಜೋರಾಗಿ ಹೊರಗೆ ಬಂತು. "ಅವರು ಸುಳ್ಳ ಹೇಳ್ಯಾರ. ಬಿಡಿಸಿದಾಕಿ ನಾನು."

ಗುಂಪಿನಾಕೆ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು. "ಹಂಗಾರ ಎರಡ ವರ್ಷ ಸುಮ್ನ ಮನ್ಯಾಗ ಕುಂದ್ರಿಸಿದ್ರೇನ್ರಿ ಅವರನ್ನ?" ಎಂದಳು. ಹಿಂದೆ ಇಬ್ಬರು ಹೆಂಗಸರು ಸರಿದು ಒಂದು ಮೊಳ ಜಾಗ ಮಾಡಿದರು.

ತಿರುಗಿದರೆ ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಎರಡ ನಿಮಿಷ ನಿಲ್ಲಸ್ರಿ, ಬುತ್ತಿ ಕಟ್ಟತೀನಿ," ಎಂದು ನಾನು ಒಳಗೆ ಓಡಿದೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೈಗೆ ಸಿಕ್ಕಿದ್ದನ್ನೆಲ್ಲ ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಹೊರಗೆ ಬಂದರೆ ಟಂಟಂ ಓಣಿಯ ತುದಿಯಲ್ಲಿ ತಿರುಗುತ್ತಿತ್ತು. ಅತ್ತೆ ಬುತ್ತಿಗೂ ಕಾದಿರಲಿಲ್ಲ.