ಧೂಳಪ್ಪನ ಡಾಂಬರು ಬುರುಡೆ

ತಿಕೋಂಡಿ ದಾರಿಯ ನಮ್ಮೂರಿಗೆ ಎಪ್ಪತ್ತನಾಲ್ಕರಲ್ಲಿ ನಳ ಬಂತು. ಕುರಿ ಕಾಯುತ್ತಿದ್ದ ಧೂಳಪ್ಪನಿಗೆ ನೀರು ಬಿಡುವ ಕೆಲಸ ಸಿಕ್ಕಿತು.

ನೀರಿನ ಟಾಕಿ ಎರಡು. ಬಾವಿಯ ನೀರು ಮೊದಲು ಮೇಲಿನ ಓಣಿಯ ಟಾಕಿಗೆ. ಅದು ತುಂಬಿದಾಗ ವಾಲ್ವ್ ಮುಚ್ಚಿದರೆ ಕೆಳಗಿನ ಓಣಿಯ ಟಾಕಿಗೆ. ಮುಚ್ಚುವುದು ಧೂಳಪ್ಪನ ಕೆಲಸ. ಮುಚ್ಚಗೊಡದಿರುವುದು ಪಂಚಾಯ್ತಿಯ ಪಂಚ ಶಿವಯೋಗೆಪ್ಪನ ಕೆಲಸ. ಉಕ್ಕಿದ ನೀರು ನೆಟ್ಟಗೆ ಅವನ ನಿಂಬಿ ಗಿಡಗಳಿಗೆ ಹೋಗುತ್ತಿತ್ತು. ಕೆಳಗಿನ ನಳದಲ್ಲಿ ಬರೀ ಗಾಳಿ.

ಕೆಳಗಿನ ಓಣಿಯ ಹಾಲವ್ವ ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ಖಾಲಿ ಕೊಡ ಬಡಿಯುತ್ತ ಬಂದಳು. "ಧೂಳಪ್ಪಣ್ಣಾ, ನೀ ಮನಶ್ಯಾನೋ, ಶಿವಯೋಗೆಪ್ಪನ ಕೈಯಾಗಿನ ಚಾವಿಯೋ?"

ಧೂಳಪ್ಪ ನೆಟ್ಟಗೆ ಪಂಚಾಯ್ತಿಗೆ ಹೋದ. "ನನ್ನ ಕೈನೂ ಬ್ಯಾಡ, ನಿಮ್ಮ ಕೈನೂ ಬ್ಯಾಡ್ರಿ. ಬುರುಡಿ ಮುಚ್ಚಲಿ."

ನಮ್ಮಲ್ಲಿ ಈಜು ಕಲಿಯುವವರು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡೇ ಬಾವಿಗೆ ಹಾರುವುದು. ಅಂಥದೊಂದನ್ನು ಕಬ್ಬಿಣದ ಸಳಿಗೆ ಬಿಗಿದು, ಸಳಿಯನ್ನು ವಾಲ್ವಿನ ಹಿಡಿಗೆ ಕೂಡಿಸುವುದು ಅವನ ಉಪಾಯ. ನೀರು ಏರಿದರೆ ಬುರುಡೆ ಏರುತ್ತದೆ, ವಾಲ್ವ್ ತಾನೇ ಮುಚ್ಚುತ್ತದೆ.

ಶಿವಯೋಗೆಪ್ಪ ಹೊಟ್ಟೆ ಹಿಡಿದು ನಕ್ಕ. "ಎಂಟು ದಿನ ಕೊಟ್ಟೆ. ಎಂಟನೇ ದಿನ ಮುಚ್ಚಿದ್ರ ನಾ ವಾಲ್ವಿಗೆ ಕೈ ಹಚ್ಚಾಂಗಿಲ್ಲ. ಇಲ್ಲಾಂದ್ರ ನೀ ಕುರಿ ಹಿಂದ ಹೋಗು."

ಎರಡು ದಿನ ಮುಚ್ಚಿತು. ಮೂರನೇ ದಿನ ಬುರುಡೆ ಮುಳುಗಿತು, ಟಾಕಿ ಉಕ್ಕಿತು.

"ಬುರುಡಿಗೂ ನೀರಡಿಕಿ ಆಗಿತ್ತೇನೋ ಧೂಳ್ಯಾ!" ಅಂದ ಶಿವಯೋಗೆಪ್ಪ.

ಈಜಿನ ಬುರುಡೆ ದಿನಾ ಗೋಡೆಯ ಮೇಲೆ ಒಣಗುತ್ತದೆ. ಟಾಕಿಯದು ಹಗಲೂ ರಾತ್ರಿ ನೀರಲ್ಲೇ, ನೀರು ಕುಡಿದು ಭಾರವಾಗುತ್ತದೆ. ಇದು ಧೂಳಪ್ಪನಿಗೆ ಹೊಳೆದಿರಲಿಲ್ಲ. ಯಳವಿ ರಸ್ತೆಯ ಕೆಲಸದವರ ಹತ್ತಿರ ಡಾಂಬರು ಬೇಡಿ ತಂದ. ಹೊಸ ಬುರುಡೆಗೆ ಎರಡು ಸಲ ಬಳಿದ, ತೊಟ್ಟಿನ ಬಾಯಿಗೂ ಮೆತ್ತಿದ, ಬಿಸಿಲಿಗಿಟ್ಟ, ಮತ್ತೆ ಬಿಗಿದ.

ಎಂಟನೇ ದಿನ ಊರೆಲ್ಲ ಟಾಕಿಯ ಬುಡದಲ್ಲಿ ನಿಂತಿತ್ತು. ಮೇಲೆ ಹತ್ತಿ ಕೂತ ಧೂಳಪ್ಪ ಎರಡೂ ಕೈ ಎತ್ತಿ ತೋರಿಸಿದ, ತಾನು ಏನೂ ಮುಟ್ಟಿಲ್ಲ ಎಂದು. ನೀರು ಅಂಚಿಗೆ ಒಂದು ಗೇಣು ಇರುವಾಗ ನಿಂತಿತು.

"ಪಂಪ್ ಕೆಟ್ಟಿರಬೇಕು," ಅಂದ ಶಿವಯೋಗೆಪ್ಪ.

ಪಂಪು ಬಡಬಡ ಅನ್ನುತ್ತಲೇ ಇತ್ತು. ಆಗ ಕೆಳಗಿನ ಓಣಿಯಿಂದ ಕೂಗು ಎದ್ದಿತು. ಅಲ್ಲಿನ ಟಾಕಿಗೆ ನೀರು ಬಿದ್ದಿತ್ತು. ನಳ ಮೊದಲು ಗಾಳಿ ಉಗುಳಿತು, ಆಮೇಲೆ ತುಕ್ಕಿನ ಕೆಂಪು ನೀರು, ಆಮೇಲೆ ಚಲೋ ನೀರು. ಶಿವಯೋಗೆಪ್ಪ ಮನೆಯ ದಾರಿ ಹಿಡಿದ.

ಹಾಲವ್ವ ಮೊದಲ ಕೊಡ ಮನೆಗೆ ಒಯ್ಯಲಿಲ್ಲ. ಇಳಿದು ಬಂದ ಧೂಳಪ್ಪನ ತಲೆಯ ಪಟಗದ ಮೇಲೇ ಸುರುವಿದಳು.

"ಏ ಹುಚ್ಚವ್ವಾ, ನೀರು ಹಾಳ ಮಾಡಬ್ಯಾಡ!"

"ಇರ್ಲಿ ಬಿಡೋ ಅಣ್ಣಾ, ಇನ್ನೂ ಬರಾಕತ್ತೈತಿ!"